ಹೋಲಿಕೆ ಹೊಲ

ಜಾವಗಲ್ಲಿನಿಂದಾಚೆ ಬಸ್ಸು ತಿರುಗುವ ಕಡೆ ಇಳಿದರೆ
ಎಡಕ್ಕೆ ಜಲಾನಯನ ಯೋಜನೆ ಬಂದ ಊರು,
ಬಲಕ್ಕೆ ಬಾರದ್ದು. ನಡುವೆ ಒಂದು ಒಣ ಹಳ್ಳ.

ನಮ್ಮ ವಿಧಾನ ಸರಳ.
ಎಡದ ಪ್ರತಿ ಹೊಲಕ್ಕೂ ಬಲದಲ್ಲೊಂದು ಜೋಡಿ ಹುಡುಕುವುದು:
ಅದೇ ಇಳಿಜಾರು, ಅದೇ ಕೆಮ್ಮಣ್ಣು, ಅದೇ ರಾಗಿ.
ಒಂದಕ್ಕೆ ಬದು ಹಾಕಿಸಿದ್ದು ಸರ್ಕಾರ,
ಇನ್ನೊಂದಕ್ಕೆ ಯಾರೂ ಇಲ್ಲ.
ಎರಡರ ಮಣ್ಣಿನ ಆಳ ಅಳೆದು ಕಳೆದರೆ
ಉಳಿಯುವುದೇ ಹನ್ನೆರಡು ವರ್ಷದ ಫಲ.

ಎಡದಲ್ಲಿ ಮೂವತ್ತೊಂದು ಹೊಲ ನಡೆದೆ.
ಒಂಬತ್ತರ ಬದು ಕಡತದಲ್ಲಿ ಮಾತ್ರ ಇತ್ತು.
ನಾಲ್ಕನ್ನು ಅವರೇ ಕೆಡವಿದ್ದರು,
'ಟ್ರ್ಯಾಕ್ಟರ್ ತಿರುಗೋಕೆ ಅಡ್ಡ ಬರ್ತಿತ್ತು.'
ಕೃಷಿಹೊಂಡವೊಂದರಲ್ಲಿ ಜಾಲಿ ಎದ್ದು
ಜಾಲಿಗೆ ಗೀಜಗ ಏಳು ಗೂಡು ನೇಯ್ದಿತ್ತು.
ಗೀಜಗಕ್ಕೆ ನನ್ನ ನಮೂನೆಯಲ್ಲಿ ಕಾಲಂ ಇಲ್ಲ.

ಬಲದಲ್ಲಿ, ಜೋಡಿ ಸಂಖ್ಯೆ ಹದಿನೇಳು,
ಪುಟ್ಟೀರಮ್ಮನ ಎರಡೆಕರೆ.
ಬದು ಇರಬಾರದಿತ್ತು.
ಇತ್ತು.
ಮೊಣಕಾಲೆತ್ತರ, ಉದ್ದಕ್ಕೂ ಲಾವಂಚ,
ಹೆಚ್ಚಿನ ನೀರು ಹೋಗಲು ಕೋಡಿ, ಕೋಡಿಗೆ ಚಪ್ಪಡಿ.

'ಯಾವ ಇಲಾಖೆ ಹಾಕಿಸ್ತು?'
'ಯಾವ ಇಲಾಕೆನೂ ಇಲ್ಲ ಕಣವ್ವ.
ಆ ದಡದಾಗೆ ಕೂಲಿಗೆ ಹೋಗಿದ್ದೆ.
ಅವರ ಮಣ್ಣು ಹೊತ್ತೂ ಹೊತ್ತೂ ಕೈಗೇ ಗೊತ್ತಾಯ್ತು.
ಕಡೇ ದಿನ ಸೆರಗಲ್ಲಿ ನಾಕು ಬುಡ ಲಾವಂಚ ತಂದೆ.
ಕದ್ದಳು ಅಂತ ಬರ್ಕಬ್ಯಾಡ ಮತ್ತೆ.'

ಸಲಾಕೆ ಇಳಿಸಿದೆ.
ನಲವತ್ತೆರಡು ಸೆಂಟಿಮೀಟರಿಗೆ ಕಲ್ಲು ಸಿಕ್ಕಿತು.
ಎಡದ ಜೋಡಿಯಲ್ಲಿ ಇಪ್ಪತ್ತಾರಕ್ಕೇ ಸಿಕ್ಕಿತ್ತು.
ಅವಳು ಬಗ್ಗಿ, ಟೇಪಿನ ಮೇಲೆ ಬೆರಳಿಟ್ಟು,
'ಜಾಸ್ತಿನಾ, ಕಮ್ಮಿನಾ?' ಎಂದಳು.
ಉತ್ತರದಾರರಿಗೆ ಫಲಿತಾಂಶ ಹೇಳಬಾರದು ಎಂದು ತರಬೇತಿಯಿತ್ತು.
ಹೇಳಿಬಿಟ್ಟೆ.

ರಾತ್ರಿ ಅರಸೀಕೆರೆಯ ಲಾಡ್ಜಿನಲ್ಲಿ ಕಳೆದು ನೋಡಿದೆ.
ಲೆಕ್ಕದ ಪ್ರಕಾರ ಯೋಜನೆಯಿಂದ
ಹದಿನಾರು ಸೆಂಟಿಮೀಟರು ನಷ್ಟ.
ಫೋನಿನಲ್ಲಿ ಮಾರ್ಗದರ್ಶಕರು ಸಮಾಧಾನವಾಗಿ ಹೇಳಿದರು:
ಹೋಲಿಕೆ ಹೊಲಕ್ಕೆ ಯೋಜನೆ ಸೋಂಕಿದರೆ
ಅದನ್ನು ಕಲುಷಿತ ಮಾದರಿ ಅನ್ನುತ್ತೇವೆ.
ಆ ಸಾಲು ತೆಗೆದುಬಿಡಿ.

ಅವರು ಹೇಳಿದ್ದು ಸರಿ. ನಾನೂ ಹಾಗೇ ಓದಿದ್ದೇನೆ.
ತೆಗೆದೆ. ಈಗ ಹದಿನಾರಾದ ಮೇಲೆ ಹದಿನೆಂಟು.

ನಾಳೆ ಹದಿನೆಂಟು:
ಪುಟ್ಟೀರಮ್ಮನ ವಾರಗಿತ್ತಿಯ ಹೊಲ.
ಸಂಜೆ ಬಸ್ಸಿನ ಕಿಟಕಿಯಿಂದ ಕಂಡಿತ್ತು,
ರಾಗಿಯ ನಡುವೆ ಅಡ್ಡಲಾಗಿ
ರಾಗಿಗಿಂತ ಎತ್ತರದ ಒಂದು ಹಸಿರು ಗೆರೆ.