ಬಾಷ್ತಾನ್

ಬಾಷ್ ಎಂದರೆ ತಲೆ. ಬಾಷ್ತಾನ್, ತಲೆಯಿಂದ;
ಅಂದರೆ ಮತ್ತೆ, ಮೊದಲಿನಿಂದ.
ಇಜ್ಮಿರಿನ ಮೀನುಪೇಟೆ ಹಿಂದಿನ ಕ್ಷೌರದಂಗಡಿಯಲ್ಲಿ
ಆ ಮಾತಿಗೆ ಎರಡೂ ಅರ್ಥ, ದಿನವಿಡೀ.

ಊದಿದ ಬಲೂನಿಗೆ ನೊರೆ ಬಳಿದು
ಹುಡುಗ ಯೆಕ್ತಾನ ಕೈಗೆ ಕತ್ತಿ ಕೊಟ್ಟಿದ್ದರು.
ಢಬ್!
ಕಿವಿಯಲ್ಲಿ, ಕನ್ನಡಿಯಲ್ಲಿ, ಗಿರಾಕಿಯ ಚಹಾದಲ್ಲಿ ಸೋಪು.
ನುಸ್ರೆತ್ ಉಸ್ತಾದ್ ಪೇಪರಿನಿಂದ ಕಣ್ಣೆತ್ತದೆ:
ಬಾಷ್ತಾನ್.
ಹದಿನೇಳು ಬಲೂನು ಸತ್ತವು ಆ ಚಳಿಗಾಲ.
ಹದಿನೆಂಟನೆಯದು, ಹಸಿರು, ಬದುಕಿತು;
ಎರಡು ದಿನ ಮೊಳೆಗೆ ನೇತಾಡಿ
ತಾನಾಗೇ ಸುಕ್ಕಾಯಿತು.

ಈಗ ಉಸ್ತಾದರ ಬಲಗೈ ಅವರ ಮಾತು ಕೇಳದು.
ನಾಲಗೆಯೂ ಅಷ್ಟೆ. ಗಿರಾಕಿಯಿಲ್ಲದ ಮಧ್ಯಾಹ್ನ
ಅದೇ ಕುರ್ಚಿಯಲ್ಲಿ ಒರಗಿ ವಾರ ಎಣಿಸುತ್ತಾರೆ,
ಡಾಕ್ಟರಮ್ಮ ಹೇಳಿದ ಹಾಗೆ:
ಸೋಮ, ಮಂಗಳ, ಬುಧ...
ಗುರುವಾರ ಸಿಗುವುದಿಲ್ಲ.
ಬುಧ. ಬುಧ.
ನೊರೆ ಮೆತ್ತಿದ ಗಲ್ಲ ನಡುಗುತ್ತದೆ.
ಗಂಟಲಿನಿಂದ ಬೆರಳಷ್ಟು ಮೇಲೆ
ಕತ್ತಿ ಎತ್ತಿ ಹಿಡಿದು ನಿಂತಿದ್ದಾನೆ ಯೆಕ್ತಾ.

ಆ ಮಾತು ಈಗ ಅವನು ಹೇಳಬೇಕು.
ಹೇಗೆ ಹೇಳುವುದು, ಹೇಳಿಕೊಟ್ಟವರಿಗೆ?

ಕನ್ನಡಿಯೊಳಗಿಂದ ಮುದುಕ
ಕಣ್ಣಲ್ಲೇ ಗದರುತ್ತಾನೆ:
ಹೇಳಿಬಿಡೋ, ಸೋಪು ಒಣಗುತ್ತಿದೆ.