ಅಂಚಿನ ಗುಳ್ಳೆ

ಬಂಗಾರಪೇಟೆಯ ಬೋರ್ಡು ಅಂಗಡಿಯಲ್ಲಿ ಮಿಕ್ಕ ಶೀಟು,
ಒಂದು ಮೂಲೆ ಚಕ್ಕೆ ಹಾರಿದ್ದು.
ಮೇಲಿನ ಕಾಗದ ಸುಲಿದರೆ
ಮುಂಗೈ ಕೂದಲೆಲ್ಲ ಎದ್ದು ನಿಂತವು.

ಇದು ಅಂಟಲ್ಲ, ಅಂದಿದ್ದ ಪಿಳ್ಳಪ್ಪಣ್ಣ.
ಎರಡಂಚನ್ನೂ ಒಂಚೂರು ಕರಗಿಸುತ್ತೆ,
ಆಮೇಲೆ ಯಾವುದು ಯಾವುದೋ ಗೊತ್ತಾಗಲ್ಲ.
ನಡುವೆ ಗುಂಡುಸೂಜಿ ಇಟ್ಟು
ದನದ ಡಾಕ್ಟರ ಸಿರಿಂಜಿನಲ್ಲಿ ಹನಿಹನಿ ಬಿಟ್ಟೆ.
ಸಂದಿಯುದ್ದಕ್ಕೂ ತಾನೇ ಓಡಿತು,
ಬತ್ತಿಗೆ ಎಣ್ಣೆ ಏರಿದ ಹಾಗೆ.
ಉಸಿರು ಬಿಗಿಹಿಡಿದು ಸೂಜಿ ಎಳೆದರೂ
ಉಳಿದೇಬಿಟ್ಟಿತು ಒಂದು ಗುಳ್ಳೆ, ಸಾಸಿವೆಯಷ್ಟು.

ಅದಿನ್ನು ಹೋಗಲ್ಲ.
'ಇರಲಿ ಬಿಡು, ಮೂಗುಬೊಟ್ಟು' ಅಂದಳು ಅಲಮೇಲು.

ಬೋರಿನ ನೀರು ತುಂಬಿದೆವು.
ಸಾವಿರದಿನ್ನೂರು ಅಡಿಯ ಕತ್ತಲಿಂದ ಬಂದದ್ದು;
ನಾಲ್ಕೂ ಕಡೆಯಿಂದ ಬೆಳಕು ಬಿದ್ದಾಗ
ಅದಕ್ಕೇನನಿಸಿತೋ.

ಕೆಳಗೆ ಹಳೇ ಪೇಪರು ಹಾಸಿ, ರಾತ್ರಿಯಿಡೀ
ಎದ್ದೆದ್ದು ಬಂದು ಬೆರಳಾಡಿಸಿದೆ.
ಬೆಳಿಗ್ಗೆ ನೋಡಿದರೆ ಪೇಪರು ಗರಿಗರಿ.

ಮೀನು ಇನ್ನೂ ತಂದಿಲ್ಲ.
ಬರೀ ನೀರಿನ ಈಚೆಗೆ ನಾನು, ಆಚೆಗೆ ಅವಳು,
ಕಾಫಿ ಲೋಟ ಹಿಡಿದು.
ಇನ್ನೊಂಚೂರು ಎಡಕ್ಕೆ, ಅಂದೆ.
ಯಾಕೆ ಎಂದು ಕೇಳದೆ ಜರುಗಿದಳು.
ಗುಳ್ಳೆ ಸರಿಯಾಗಿ ಮೂಗಿನ ಮೇಲೆ ಕೂತಿತು.