ಅಂಕಿ ನಿಲ್ಲುವವರೆಗೆ

ಸಂಜೆ ಪಾಳಿ. ಮಂಡ್ಯದ ಕಾರ್ಖಾನೆಯ ತೂಕದ ಮನೆಯಲ್ಲಿ
ಎರಡು ಕಬ್ಬಿನ ಗಾಡಿಗಳ ನಡುವೆ ನನಗೊಂದು ಆಟ,
ಫೋನಿನಲ್ಲಿ ಐದು ನಿಮಿಷದ ಚದುರಂಗ.
ಎದುರಿಗೆ ಯಾವ ದೇಶದವನೋ.

ನಾಲ್ಕನೇ ನಡೆಗೇ ನನ್ನ ರಾಣಿ ಬೀದಿಗಿಳಿಯುತ್ತಾಳೆ,
ಕುದುರೆಗಳಿನ್ನೂ ಲಾಯದಲ್ಲಿ ಮೇವು ಮೆಲ್ಲುತ್ತಿರುವಾಗ.
ಕಂಡ ಕಾಲಾಳನ್ನೆಲ್ಲ ಕಡಿಯುವ ಚಪಲ.
ಹಿಂದೆ ದೊರೆ ಒಬ್ಬನೇ, ಬಾಗಿಲು ಹಾರುಹೊಡೆದು.
ಹನ್ನೊಂದು ನೂರ ನಲವತ್ತು. ಎರಡು ವರ್ಷದಿಂದ
ನನ್ನ ರೇಟಿಂಗು ಅಲ್ಲೇ,
ತೂಬು ಮುಚ್ಚಿದ ನಾಲೆಯ ನೀರಿನ ಹಾಗೆ.

ಸೋತ ಆಟವನ್ನು ಮತ್ತೆ ನೋಡು ಅಂತಾರೆ ಬಲ್ಲವರು.
ನೋಡುವುದಿಲ್ಲ. ಹೊಸ ಆಟ ಒತ್ತುತ್ತೇನೆ,
ನಾಚಿಕೆಗೆ ಅದಕ್ಕಿಂತ ಬೇಗ ಹತ್ತುವ ಮುಲಾಮಿಲ್ಲ.

ನಿನ್ನೆ ಕೀಲಾರದ ಚಿಕ್ಕಮರೀಗೌಡರ ಗಾಡಿ ಕಾಟಾ ಹತ್ತಿತು.
"ಬರ್ಕಳವ್ವ ಬಿರ್‍ರನೆ, ಎತ್ತು ನಡುಗ್ತವೆ."
"ತಡ್ಕಳಿ ಗೌಡ್ರೇ, ಅಂಕಿ ಇನ್ನೂ ಕುಣೀತದೆ."
ಎತ್ತು ಕಾಲು ಬದಲಿಸಿತು, ಹನ್ನೆರಡು ಕೇಜಿ ಅತ್ತ ಇತ್ತ.
ಬಾಲ ಬೀಸಿತು. ಕಾದೆ.
ನಿಂತ ಮೇಲೆ ಬರೆದೆ.

ಅರೆ!
ಒಂಬತ್ತು ವರ್ಷದಿಂದ ಕಾಯುವುದೇ ಕಸುಬಾದ ಈ ಬೆರಳು
ಅರುವತ್ನಾಲ್ಕು ಮನೆಗಳ ಮುಂದೆ ಮಾತ್ರ ಯಾಕೆ
ಹಗ್ಗ ಕಿತ್ತ ಕರುವಾಗುತ್ತದೆ?

ಇವತ್ತು ಬಲಗೈಯನ್ನು ತೊಡೆಯ ಕೆಳಗಿಟ್ಟು ಕೂತಿದ್ದೇನೆ.
ಅವನ ಕುದುರೆ ಬಂದಿದೆ. ಯಾಕೆ ಬಂತು?
ಹೊರಗೆ ಟ್ರಾಕ್ಟರಿನ ಹಾರ್ನು. ಗಡಿಯಾರದಲ್ಲಿ ಎರಡೇ ನಿಮಿಷ.
ರಾಣಿ ಆಗಲೇ ಸೆರಗು ಸಿಕ್ಕಿಸಿಕೊಂಡು ಹೊರಟಿದ್ದಾಳೆ.

ಇರೇ, ಅಂತೀನಿ,
ಅಂಕಿ ನಿಲ್ಲಲಿ.